ಪಂಡಿತ ಕುಮಾರ ಗಂಧರ್ವರು

ಅಪರಿಚಿತವಾದ ಹಾಡೊಂದನ್ನು ಯಂತ್ರದಿಂದ ಕೇಳಿ, ಅದರ ಸ್ವರಗಳನ್ನು ಪೇಟಿಯ ಮನೆಗಳ ಮೇಲೆ ಹುಡುಕಿ ತೆಗೆಯುವ ವಿದ್ಯೆ ನಮ್ಮ ಬೀದರ ಜಿಲ್ಲೆಗೆ ಹೊಸದೇನಲ್ಲ. ಭಾಲ್ಕಿ, ಔರಾದ ಕಡೆಯ ಹಳ್ಳಿಗಳ ಭಜನಾ ಮಂಡಳಿಗಳಲ್ಲಿ ಪೇಟಿ ಬಾರಿಸುವವರನ್ನು ಕಂಡವರಿಗೆ ಇದು ಗೊತ್ತಿದ್ದ ಮಾತೇ. ಸ್ವರಲಿಪಿಯ ಗೊಡವೆಗೆ ಹೋಗದ ಆ ಬೆರಳುಗಳು ಕನ್ನಡದ ತತ್ತ್ವಪದವನ್ನೂ ಮರಾಠಿಯ ಅಭಂಗವನ್ನೂ ಕೇವಲ ಕಿವಿಯ ಬಲದಿಂದ ಹಿಡಿದುಬಿಡುತ್ತವೆ. ಇಂದು ಬೀದರ ನಗರದ ತರುಣನೊಬ್ಬನು ಮೊಬೈಲಿನಲ್ಲಿ ಹಾಡನ್ನು ನಿಲ್ಲಿಸಿ ನಿಲ್ಲಿಸಿ ಕೇಳಿ ಗಿಟಾರಿನ ಕಾರ್ಡುಗಳನ್ನು ಗೊತ್ತುಮಾಡಿಕೊಳ್ಳುವುದೂ ಇದೇ ವಿದ್ಯೆಯ ಇನ್ನೊಂದು ಕವಲು. ಮೊದಲು ಹಾಡಿನ ಷಡ್ಜ ಎಲ್ಲಿದೆಯೆಂದು ಹುಡುಕಬೇಕು; ಆಮೇಲೆ ಗಾಂಧಾರವು ಕೋಮಲವೋ ಶುದ್ಧವೋ ನೋಡಬೇಕು. ಷಡ್ಜ, ಗಾಂಧಾರ, ಪಂಚಮಗಳನ್ನು ಒಮ್ಮೆಲೇ ನುಡಿಸಿದಾಗ ಹುಟ್ಟುವ ನಾದದ ಬಣ್ಣವೆಲ್ಲ ಆ ಗಾಂಧಾರವೊಂದರಿಂದಲೇ ಬದಲಾಗುತ್ತದೆ.

ಈ ವಿದ್ಯೆಯಿಂದಲೇ ಬಾಲ್ಯದಲ್ಲಿ ಹೆಸರು ಪಡೆದು, ಆ ಹೆಸರಿನಿಂದ ಬಿಡಿಸಿಕೊಳ್ಳಲು ಮುಂದೆ ಬಹುವಾಗಿ ದುಡಿದ ಕನ್ನಡಿಗರೊಬ್ಬರಿದ್ದರು. ಅವರೇ ಕುಮಾರ ಗಂಧರ್ವರು.

ಅವರ ನಿಜನಾಮ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ೧೯೨೪ರ ಏಪ್ರಿಲ್ ೮ರಂದು ಬೆಳಗಾವಿಯ ಸಮೀಪದ ಸುಳೇಭಾವಿಯಲ್ಲಿ ಜನಿಸಿದರು. ತಂದೆ ಸಿದ್ಧರಾಮಯ್ಯನವರಿಗೂ ಗಾಯನದ ಹುಚ್ಚಿತ್ತು. ಮಗುವು ಅಬ್ದುಲ್ ಕರೀಮ್ ಖಾನ್, ಫೈಯಾಜ್ ಖಾನ್, ರಾಮಕೃಷ್ಣಬುವಾ ವಝೆ ಇವರಂಥ ದೊಡ್ಡ ಗವಾಯಿಗಳ ಗ್ರಾಮೋಫೋನ್ ಪ್ಲೇಟುಗಳನ್ನು ಕೇಳಿ, ತಾನು ಹಾಗೆಯೇ ಹಾಡಿ ತೋರಿಸತೊಡಗಿತು. ಹಾಗೆಯೇ ಎಂದರೆ ಬರಿಯ ರಾಗವಲ್ಲ. ಉಸಿರು ಎಳೆಯುವ ಎಡೆ, ತಾನಿನ ತಿರುವು, ಕಂಠದ ಒರಟುತನ ಎಲ್ಲವೂ ಬಂದುಬಿಡುತ್ತಿದ್ದವು. ಕೇಳಿದವರು ಬೆರಗಾದರು. ಮಠಾಧೀಶರೊಬ್ಬರು ಕುಮಾರ ಗಂಧರ್ವನೆಂದು ಬಿರುದಿತ್ತರು. ಆ ಬಿರುದೇ ಹೆಸರಾಗಿ ಉಳಿಯಿತು. ಹತ್ತರ ವಯಸ್ಸಿನ ಹೊತ್ತಿಗೆ ಹುಡುಗನು ಸಭೆಗಳಲ್ಲಿ ಹಾಡುತ್ತಿದ್ದನು.

ಇಲ್ಲಿ ಒಂದು ಮಾತನ್ನು ಯೋಚಿಸಬೇಕು. ನಿಮಿಷಕ್ಕೆ ೭೮ ಸುತ್ತು ತಿರುಗುವ ಆ ಪ್ಲೇಟಿನ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಮೈಫಲಿನಲ್ಲಿ ಒಂದು ಗಂಟೆ ಬೆಳೆಸುವ ರಾಗವನ್ನು ಗವಾಯಿಯು ಅಷ್ಟರಲ್ಲೇ ಮುಗಿಸಬೇಕು. ಪ್ಲೇಟನ್ನು ನೂರು ಸಲ ಕೇಳಿದರೂ ಗವಾಯಿಯು ಏನು ಹಾಡಿದನೆಂಬುದು ತಿಳಿಯುವುದೇ ಹೊರತು, ಏಕೆ ಹಾಗೆ ಹಾಡಿದನು, ನಾಲ್ಕನೆಯ ನಿಮಿಷದಲ್ಲಿ ಏನು ಹಾಡುತ್ತಿದ್ದನು ಎಂಬುದು ತಿಳಿಯದು. ಗಿಳಿಯ ಮಾತು ಎಷ್ಟು ಸ್ಪಷ್ಟವಾದರೂ ಗಿಳಿಯ ಮಾತೇ ಅಲ್ಲವೇ?

ಪುಣ್ಯಕ್ಕೆ ತಂದೆಯು ಹುಡುಗನನ್ನು ಮುಂಬಯಿಗೆ ಕರೆದೊಯ್ದು ಪ್ರೊಫೆಸರ್ ಬಿ. ಆರ್. ದೇವಧರರ ಕೈಗೆ ಒಪ್ಪಿಸಿದರು. ಆಗ ಹನ್ನೊಂದು ಹನ್ನೆರಡರ ಪ್ರಾಯ. ದೇವಧರರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಪಾಶ್ಚಾತ್ಯ ಸಂಗೀತವನ್ನೂ ಅಭ್ಯಾಸ ಮಾಡಿದವರು. ಒಂದೇ ಘರಾಣೆಗೆ ಕಟ್ಟುಬಿದ್ದವರಲ್ಲ. ಅವರ ಶಾಲೆಗೆ ನಾನಾ ಘರಾಣೆಗಳ ಗವಾಯಿಗಳು ಬಂದುಹೋಗುತ್ತಿದ್ದರು. ಅನುಕರಣೆಯಲ್ಲಿ ಪಳಗಿದ್ದ ಕಿವಿಗೆ ಅಲ್ಲಿ ವಿವೇಚನೆ ಸೇರಿತು. ಅಂಜನಿಬಾಯಿ ಮಾಲಪೇಕರರಿಂದಲೂ ಪಾಠವಾಯಿತು. ಇಪ್ಪತ್ತು ತುಂಬುವಷ್ಟರಲ್ಲಿ ಕುಮಾರರು ದೇಶಕ್ಕೆಲ್ಲ ಗೊತ್ತಾಗಿದ್ದರು, ಸ್ವತಃ ಪಾಠ ಹೇಳುತ್ತಲೂ ಇದ್ದರು.

೧೯೪೭ರಲ್ಲಿ ಭಾನುಮತಿ ಕಂಸರೊಡನೆ ವಿವಾಹವಾಯಿತು. ಅದರ ಬೆನ್ನಿಗೇ ಕ್ಷಯರೋಗ. ಒಣಹವೆ ಒಳ್ಳೆಯದೆಂದು ೧೯೪೮ರ ಜನವರಿ ಕೊನೆಯಲ್ಲಿ ಮಾಳವದ ದೇವಾಸಕ್ಕೆ ಹೋಗಿ ನೆಲೆಸಿದರು. ವೈದ್ಯರು ಹಾಡಲೇಬಾರದೆಂದರು. ಇಪ್ಪತ್ಮೂರರ ಗವಾಯಿಗೆ ಇದಕ್ಕಿಂತ ಕಠಿಣವಾದ ಶಿಕ್ಷೆ ಯಾವುದು? ಭಾನುಮತಿಯವರು ಶಾಲೆಯಲ್ಲಿ ಕಲಿಸುತ್ತ ಮನೆಯನ್ನು ನಡೆಸಿದರು, ರೋಗಿಯ ಆರೈಕೆಯನ್ನೂ ಮಾಡಿದರು. ಈ ಜೀವನಚರಿತ್ರೆಯಲ್ಲಿ ಅವರಿಗೆ ಸಲ್ಲಬೇಕಾದ ಪಾಲು ಸಾಮಾನ್ಯವಾಗಿ ಸಲ್ಲುವುದಿಲ್ಲ.

ಸುಮಾರು ಐದು ವರ್ಷ ಹಾಸಿಗೆಯೇ ಗತಿಯಾಯಿತು. ಬಾಯಿ ಮುಚ್ಚಿತ್ತು, ಕಿವಿ ಮುಚ್ಚಿರಲಿಲ್ಲ. ಹೊರಗೆ ಹೆಂಗಸರು ಮದುವೆಯ ಹಾಡು, ಮಳೆಗಾಲದ ಹಾಡು ಹೇಳಿಕೊಂಡು ಸಾಗುತ್ತಿದ್ದರು. ನಾಥಪಂಥದ ಜೋಗಿಗಳು ಕಬೀರನ ನಿರ್ಗುಣ ಪದಗಳನ್ನು ಹಾಡಿಕೊಂಡು ಭಿಕ್ಷೆಗೆ ಬರುತ್ತಿದ್ದರು. ಇವು ಪ್ಲೇಟಿನ ಹಾಡುಗಳಲ್ಲ, ಮತ್ತೆ ಮುಳ್ಳನ್ನು ಮೊದಲಿಗಿಟ್ಟು ಕೇಳುವ ಹಾಗಿಲ್ಲ. ನಾಲ್ಕೈದು ಸ್ವರಗಳ ಪುಟ್ಟ ಧಾಟಿ. ಅದರ ಷಡ್ಜ ಯಾವುದು, ಯಾವ ಸ್ವರ ನಿಲ್ಲುತ್ತದೆ, ಯಾವುದು ಮುಟ್ಟಿ ಸರಿಯುತ್ತದೆ ಎಂದು ಮಲಗಿದಲ್ಲೇ ಬಿಡಿಸುತ್ತ ಹೋದರು. ಬಾಲ್ಯದ ವಿದ್ಯೆ ಹೀಗೆ ಹಿಂದಿರುಗಿ ಬಂದಿತು. ಆದರೆ ಈ ಸಲ ಅವರಿಗೆ ಬೇಕಾದುದು ಪಡಿಯಚ್ಚಲ್ಲ, ಬೀಜ. ಜನಪದ ಧಾಟಿಯಲ್ಲಿ ಅಡಗಿದ ರಾಗವನ್ನು ಹೊರತೆಗೆದು ಬೆಳೆಸಿದರು. ಅಂಥವನ್ನು ಧುನ್‌ಉಗಮ ರಾಗಗಳೆಂದು ಕರೆದರು. ಮಾಲವತಿ, ಲಗನ ಗಾಂಧಾರ, ಸಂಜಾರಿ ಇವು ಅವರ ಹೊಸ ರಾಗಗಳು.

ಸ್ಟ್ರೆಪ್ಟೊಮೈಸಿನ್ ಔಷಧದಿಂದ ಗುಣವಾಗಿ ಮತ್ತೆ ವೇದಿಕೆ ಏರಿದಾಗ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಾಗಿತ್ತು. ನೀಳವಾದ ತಾನಿನ ಜಾಗದಲ್ಲಿ ಸಣ್ಣ ಸಣ್ಣ ತುಣುಕುಗಳು, ನಡುವೆ ಮೌನ. ಕೆಲವರು ಇದೆಲ್ಲ ರೋಗದ ಫಲವೆನ್ನುತ್ತಾರೆ. ನನಗೆ ಅದು ಅರ್ಧ ಮಾತೆನಿಸುತ್ತದೆ. ಉಸಿರು ಕಡಿಮೆಯಾದವರೆಲ್ಲ ಹಾಗೆ ಹಾಡಿದ್ದುಂಟೇ? ಘರಾಣೆಯ ಕಟ್ಟು ಮೀರಿದರೆಂದು ಸಂಪ್ರದಾಯಸ್ಥರು ಮುನಿದರು. ಕುಮಾರರು ತಮ್ಮ ದಾರಿ ಬಿಡಲಿಲ್ಲ. ಕಬೀರನ ಪದಗಳನ್ನು ಜೋಗಿಗಳ ಧಾಟಿಯ ಗಾಳಿ ಕಳೆಯದಂತೆ ಹಾಡಿ ಮನೆಮನೆಗೆ ಮುಟ್ಟಿಸಿದರು. ಅವರ ರಚನೆಗಳ ಸಂಗ್ರಹ ಅನೂಪರಾಗವಿಲಾಸ ೧೯೬೫ರಲ್ಲಿ ಹೊರಬಂದಿತು. ಬಾಲಗಂಧರ್ವರ ನಾಟ್ಯಗೀತೆಗಳನ್ನು ತಾವು ಅರ್ಥಮಾಡಿಕೊಂಡಂತೆ ಹಾಡುವ ಕಾರ್ಯಕ್ರಮವೊಂದನ್ನೂ ನಡೆಸಿದರು. ಪ್ಲೇಟಿನಂತೆಯೇ ಹಾಡಿ ಮೆಚ್ಚಿಸಿದ್ದ ಹುಡುಗ ಮತ್ತೊಬ್ಬರ ಹಾಡನ್ನು ಈ ರೀತಿಯಲ್ಲಿ ಹಾಡುವಷ್ಟು ದೂರ ನಡೆದುಬಂದಿದ್ದನು.

೧೯೬೧ರಲ್ಲಿ ಎರಡನೆಯ ಹೆರಿಗೆಯಲ್ಲಿ ಭಾನುಮತಿಯವರು ತೀರಿಕೊಂಡರು. ಮರುವರ್ಷ ವಸುಂಧರಾ ಶ್ರೀಖಂಡೆಯವರು ಕೈಹಿಡಿದು, ವೇದಿಕೆಯ ಮೇಲೂ ಜೊತೆಗಾರ್ತಿಯಾದರು. ೧೯೭೭ರಲ್ಲಿ ಪದ್ಮಭೂಷಣ, ೧೯೯೦ರಲ್ಲಿ ಪದ್ಮವಿಭೂಷಣ ಬಂದವು. ೧೯೯೨ರ ಜನವರಿ ೧೨ರಂದು ದೇವಾಸದಲ್ಲಿಯೇ ಕುಮಾರರು ನಿಧನರಾದರು. ಅಲ್ಲಿ ಅವರು ಬಾಳಿದ ಮನೆಯ ಹೆಸರು ಭಾನುಕುಲ.