ದೊಡ್ಡ ಸ್ವಾಮಿಯವರು: ಅಬ್ಬೆ ದುಬ್ವಾ ಅವರ ಜೀವನ

ಭದ್ರೆಯ ದಂಡೆಯ ನಮ್ಮ ಈ ಸೀಮೆಯಲ್ಲಿ ಕ್ರೈಸ್ತರು ಎಂದೂ ನೆರೆಹೊರೆಯಿಂದ ಬೇರೆಯಾಗಿ ಬಾಳಿದವರಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆಂದು, ಲಕ್ಕವಳ್ಳಿಯ ಅಣೆಕಟ್ಟೆಯ ಕೆಲಸಕ್ಕೆಂದು, ಮುಂದೆ ಶಂಕರಘಟ್ಟದ ವಿಶ್ವವಿದ್ಯಾನಿಲಯಕ್ಕೆಂದು ನಾನಾ ಕಡೆಗಳಿಂದ ಬಂದ ಕುಟುಂಬಗಳು ಎಲ್ಲ ಮತದವರೊಡನೆ ಒಂದೇ ಸಾಲಿನ ಮನೆಗಳಲ್ಲಿ ಬೆಳೆದವು. ಆಯುಧಪೂಜೆಯ ದಿನ ಜೊತೆಯ ಕೆಲಸಗಾರರು ಪ್ರಸಾದವನ್ನು ಕೈಗಿತ್ತಾಗ ಸ್ವೀಕರಿಸಬಹುದೇ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಇಂದಿಗೂ ಏಳುತ್ತದೆ. ಅದರ ಹಿಂದೆ ಇನ್ನೂ ದೊಡ್ಡ ಪ್ರಶ್ನೆಯೊಂದಿದೆ: ಕ್ರಿಸ್ತನಲ್ಲಿ ದೃಢ ವಿಶ್ವಾಸವಿಟ್ಟವರ ಧರ್ಮದಲ್ಲಿ ಅನ್ಯರ ನಂಬಿಕೆಗೆ ಎಡೆಯುಂಟೇ? ಇನ್ನೂರು ವರ್ಷಗಳ ಹಿಂದೆ ಕನ್ನಡ ನಾಡಿನಲ್ಲಿಯೇ ಈ ಪ್ರಶ್ನೆಯೊಡನೆ ಬದುಕಿ, ನೊಂದು ಹಿಂದಿರುಗಿದ ಗುರುಗಳೊಬ್ಬರ ಚರಿತ್ರೆಯನ್ನು ಈ ಶತಮಾನೋತ್ಸವದ ಸಂಚಿಕೆಯಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸಿದ್ದೇವೆ.

ಜಾನ್ ಆಂತ್ವಾನ್ ದುಬ್ವಾ ಅವರು 1766ರ ಜನವರಿಯಲ್ಲಿ ಫ್ರಾನ್ಸಿನ ಆರ್ದೆಶ್ ಪ್ರಾಂತದಲ್ಲಿ ಜನಿಸಿದರು. ಫ್ರೆಂಚರು ಗುರುಗಳಿಗೆ ಕೊಡುವ ‘ಅಬ್ಬೆ’ ಎಂಬ ಬಿರುದು ಕನ್ನಡದಲ್ಲಿ ತಾಯಿ ಎಂಬ ಅರ್ಥವನ್ನು ಕೊಡುವುದು ಒಂದು ಸೊಗಸಾದ ಆಕಸ್ಮಿಕ. ಮಹಾಕ್ರಾಂತಿಯಿಂದ ಆ ದೇಶದ ಧರ್ಮಸಭೆ ತತ್ತರಿಸುತ್ತಿದ್ದ 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸಿನ ವಿದೇಶ ಧರ್ಮಪ್ರಚಾರಕರ ಸಭೆಯ ಪರವಾಗಿ ಅವರು ಭಾರತಕ್ಕೆ ಹಡಗು ಹತ್ತಿದರು. ಮೊದಲ ಕೆಲವು ವರ್ಷಗಳು ತಮಿಳು ಸೀಮೆಯಲ್ಲಿ ಕಳೆದವು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವರು ಮೈಸೂರು ಸೀಮೆಗೆ ಬಂದರು. ಅಲ್ಲಿ ಅವರನ್ನು ಎದುರುಗೊಂಡ ದೃಶ್ಯ ಕರುಣಾಜನಕವಾಗಿತ್ತು. 1784ರಲ್ಲಿ ಕೆನರಾ ಕರಾವಳಿಯಿಂದ ಸೆರೆಯಾಗಿ ಬಂದಿದ್ದ ಕಥೋಲಿಕರಲ್ಲಿ ಅನೇಕರು ಬಲವಂತಕ್ಕೆ ಒಳಗಾಗಿ ಬೇರೆ ಮತದ ಗುರುತನ್ನು ಮೈಮೇಲೆ ಹೊತ್ತಿದ್ದರು. ಅವರಲ್ಲಿ ಬಹುಮಂದಿ ಈಗ ಗುರುಗಳ ಮುಂದೆ ಬಂದು, ತಾವು ಹೊರಗೆ ಮಾತ್ರ ಬದಲಾದವರು, ಒಳಗೆ ಕ್ರಿಸ್ತನನ್ನು ಬಿಟ್ಟವರಲ್ಲ ಎಂದು ಬಿನ್ನವಿಸಿಕೊಂಡರು. ಅವರಲ್ಲಿ ಒಬ್ಬನೂ ಪ್ರಾಣ ಕೊಡಲು ಮುಂದಾಗಲಿಲ್ಲವಲ್ಲ ಎಂಬ ಕೊರಗು ದುಬ್ವಾ ಅವರಲ್ಲಿ ಕಡೆಯವರೆಗೂ ಉಳಿಯಿತು. ಆದರೂ ಅವರು ಈ ಜನರನ್ನು ಧರ್ಮಸಭೆಗೆ ಮರಳಿ ಸೇರಿಸಿಕೊಂಡರು. ಹೊರಗಿನ ಗುರುತಿನಿಂದ ಒಳಗಿನ ಹೃದಯವನ್ನು ಅಳೆಯಲಾಗದು ಎಂಬ ತತ್ತ್ವವನ್ನು ಅಂದು ಅವರು ಕಾರ್ಯತಃ ಒಪ್ಪಿದ್ದರು. ಓದುಗರು ಇದನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಗಂಜಾಮಿನಲ್ಲಿ ಅವರ ಹೆಸರಿನಿಂದಲೇ ಪ್ರಸಿದ್ಧವಾದ ದೇವಾಲಯ ಎದ್ದಿತು. ಹಾಸನದ ಸೀಮೆಯಲ್ಲಿ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಯೊಂದನ್ನು ಅವರು ಏರ್ಪಡಿಸಿದರು. ಸಿಡುಬನ್ನು ಅಮ್ಮನೆಂದೇ ಕರೆದು ಹರಕೆ ಹೊರುತ್ತಿದ್ದ ಕಾಲದಲ್ಲಿ, 1803-04ರಲ್ಲಿ, ಅವರ ಮೇಲ್ವಿಚಾರಣೆಯಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ದೇವಿ ಹಾಕಲಾಯಿತು. ಬಿಳಿಯ ನಿಲುವಂಗಿ, ತಲೆಗೆ ಪೇಟ, ಕೈಯಲ್ಲೊಂದು ಕೋಲು, ಊಟೋಪಚಾರಗಳಲ್ಲಿ ಈ ನಾಡಿನ ಕ್ರಮ. ನೋಡುವವರ ಮನಸ್ಸಿಗೆ ಜುಗುಪ್ಸೆ ತರುವುದೆಲ್ಲವನ್ನೂ ಅವರು ದೂರವಿಟ್ಟರು. ಜನ ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು. ಮತಭೇದವಿಲ್ಲದೆ ಜನರಿಂದ ಬಂದ ಇಂತಹ ಹೆಸರು ಸುಲಭವಾಗಿ ದೊರೆಯುವಂಥದಲ್ಲ.

ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಬೃಹದ್ಗ್ರಂಥದ ಹಸ್ತಪ್ರತಿಯನ್ನು 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ 2,000 ವರಹಗಳಿಗೆ ಕೊಂಡಿತು. ಅದರ ಬಹುಭಾಗಕ್ಕೆ ಹಿಂದಿನ ಯೇಸುಸಭೆಯ ಗುರು ಕೂರ್ದೂ ಅವರ ಬರಹವೇ ಆಧಾರವೆಂದು ವಿದ್ವಾಂಸರು 1980ರ ದಶಕದಲ್ಲಿ ತೋರಿಸಿಕೊಟ್ಟರು. ಈ ಋಣವನ್ನು ಅವರು ಒಪ್ಪಿಕೊಳ್ಳಬೇಕಾಗಿತ್ತು. ಗುರುಗಳೆಂಬ ಗೌರವದಿಂದ ನಾವು ಇದನ್ನು ಮುಚ್ಚಿಡಲಾರೆವು.

ಅವರ ವೇದನೆ ಬೇರೆಯದು. ಅವರಿಗಿಂತ ಬಹು ಮೊದಲೇ, 1606ರಿಂದ ಮಧುರೆಯಲ್ಲಿ ರಾಬರ್ಟ್ ಡಿ ನೋಬಿಲಿ, ಆ ಶತಮಾನದ ನಡುವಿನಿಂದ ಶ್ರೀರಂಗಪಟ್ಟಣದಲ್ಲಿ ಲಿಯೊನಾರ್ಡೊ ಚಿನ್ನಮಿ ಸಂನ್ಯಾಸಿಗಳ ವೇಷದಲ್ಲಿ ಶುಭಸಂದೇಶವನ್ನು ಸಾರಿದ್ದರು. ದೇಶದ ನಡವಳಿಕೆ ಬೇರೆ, ದೇವರ ಆರಾಧನೆ ಬೇರೆ ಎಂಬುದು ಅವರ ವಾದ. ಜನಿವಾರ, ಶಿಖೆ, ಗಂಧ ಮೊದಲಾದವುಗಳನ್ನು ಜಗದ್ಗುರು ಹದಿನೈದನೆಯ ಗ್ರೆಗೋರಿಯವರು 1623ರಲ್ಲಿ ನಿಬಂಧನೆಗಳೊಡನೆ ಅನುಮತಿಸಿದರು. ಆದರೆ ಈ ರಿಯಾಯಿತಿಯಲ್ಲಿ ಒಂದು ಮುಳ್ಳೂ ಇತ್ತು. ದೇಶಾಚಾರವೆಂಬ ಹೆಸರಿನಲ್ಲಿ ಜಾತಿಯೂ ದೇವಾಲಯದೊಳಗೆ ಬಂದು ಕುಳಿತಿತು. ಬಹುಕಾಲದ ವಾದವಿವಾದದ ತರುವಾಯ 1744ರಲ್ಲಿ ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು ಇಂತಹ ಆಚಾರಗಳಲ್ಲಿ ಹಲವನ್ನು ಕಟ್ಟುನಿಟ್ಟಾಗಿ ನಿಷೇಧಿಸಿದರು. ಭಾರತಕ್ಕೆ ಬರುವ ಧರ್ಮಪ್ರಚಾರಕರು ಅವುಗಳ ವಿರುದ್ಧ ಪ್ರಮಾಣ ಮಾಡಬೇಕಾಗಿತ್ತು. ಕ್ರೈಸ್ತ ಧರ್ಮದ ಬೆಳವಣಿಗೆ ಈ ನಾಡಿನಲ್ಲಿ ಕುಂಠಿತವಾದುದಕ್ಕೆ ಈ ನಿರ್ಣಯವೂ ಒಂದು ಪ್ರಬಲ ಕಾರಣವೆಂದು ದುಬ್ವಾ ಅವರು ನಂಬಿದ್ದರು.

1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಅವರು ಲೆಕ್ಕ ಒಪ್ಪಿಸುತ್ತಾರೆ. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ, ದೇಶೀಯ ಗುರುಗಳೊಬ್ಬರ ನೆರವಿನಿಂದ, ದೀಕ್ಷಾಸ್ನಾನ ಪಡೆದವರು ಇನ್ನೂರರಿಂದ ಮುನ್ನೂರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರೂ ಭಿಕ್ಷುಕರೂ. ಇದನ್ನು ಅವರು ಸೋಲೆಂದು ಬರೆದರು. ದೀನರೇ ಮೊದಲು ಬಂದುದನ್ನು ಸೋಲೆಂದು ಎಣಿಸುವುದು ಯೇಸುಸ್ವಾಮಿಯ ಶಿಷ್ಯರಿಗೆ ತಕ್ಕುದೇ ಎಂದು ನಾವು ಸವಿನಯವಾಗಿ ಕೇಳುತ್ತೇವೆ. ಅದೇ ಪತ್ರಗಳಲ್ಲಿ ಇನ್ನೊಂದು ಪ್ರಸಂಗವಿದೆ. ದುಂದುಗಾರ ಮಗನ ಸಾಮತಿಯನ್ನು ಬೋಧಿಸುವಾಗ ಕೊಬ್ಬಿದ ಕರುವನ್ನು ಕೊಯ್ದ ಮಾತು ಕೇಳುಗರ ಮನಸ್ಸನ್ನು ನೋಯಿಸಿತು. ಕರುವಿನ ಬದಲು ಕುರಿಮರಿ ಎಂದು ಹೇಳುವಂತೆ ಅವರಿಗೆ ಸಲಹೆ ಬಂದಿತು. ಕ್ಷಮಿಸುವ ತಂದೆಯ ಕಥೆ ಒಂದು ಕರುವಿನ ಬಳಿ ತಡೆದು ನಿಂತಿತ್ತು. ಹಿಂದೂಗಳು ಕ್ರೈಸ್ತರಾಗುವುದು ಅಸಾಧ್ಯವೆಂಬ ತೀರ್ಮಾನಕ್ಕೆ ಅವರು ಬಂದರು. ಅದಕ್ಕೆ ಪ್ರಾಟೆಸ್ಟಂಟ್ ಬೋಧಕರಿಂದ ಮರುವರ್ಷವೇ ಖಂಡನೆಗಳು ಹೊರಬಂದವು.

ಆಶ್ಚರ್ಯವೆಂದರೆ, ಹಿಂದೂ ಸ್ತ್ರೀಪುರುಷರ ಶೀಲವನ್ನು ಹಳಿದ ಒಬ್ಬ ಬೋಧಕರಿಗೆ ಪ್ರತ್ಯುತ್ತರವಾಗಿ ಅವರ ಪರವಾದ ದೀರ್ಘ ಸಮರ್ಥನೆಯೂ ಇದೇ ಪುಸ್ತಕದಲ್ಲಿದೆ. ನೆರೆಯವರ ಗುಣವನ್ನು ಅವರು ಕಂಡರು; ಆದರೆ ಆ ಗುಣವನ್ನು ಬೆಳೆಸಿದ ಶ್ರದ್ಧೆಯಲ್ಲಿ ದೇವರ ಕೈಯಿರಬಹುದೆಂದು ಅವರಿಗೆ ತೋರಲಿಲ್ಲ. ಶ್ರೀರಂಗಪಟ್ಟಣದ ದೀನರಿಗೆ ಅನ್ವಯಿಸಿದ ಅಳತೆಗೋಲನ್ನು ಅವರು ಇತರರಿಗೆ ಅನ್ವಯಿಸಲಿಲ್ಲ. ಅವರೊಬ್ಬರನ್ನೇ ದೂರುವುದು ನ್ಯಾಯವಲ್ಲ. ಆ ಕಾಲದ ಧರ್ಮಶಾಸ್ತ್ರವೇ ಅಷ್ಟು ದೂರ ನಡೆದಿರಲಿಲ್ಲ. ಪ್ರಮಾಣದ ಕಟ್ಟಳೆ 1940ರಲ್ಲಿ ರದ್ದಾಯಿತು. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದವರೂ ಮನಸ್ಸಾಕ್ಷಿಯಂತೆ ದೇವರನ್ನು ಅರಸಿದರೆ ರಕ್ಷಣೆ ಹೊಂದಬಲ್ಲರೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಬೋಧಿಸಿತು. ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು 1965ರ ಅಕ್ಟೋಬರ್ 28ರಂದು ಸಾರಿತು. ಎಲ್ಲ ಧರ್ಮಗಳೂ ಒಂದೇ ಎಂದು ಅದು ಹೇಳಲಿಲ್ಲ; ಕ್ರಿಸ್ತನೇ ಏಕೈಕ ರಕ್ಷಕನೆಂಬ ವಿಶ್ವಾಸವನ್ನು ರೋಮ್ 2000ದಲ್ಲಿ ಮತ್ತೆ ಒತ್ತಿ ಹೇಳಿತು. ಈ ಎರಡು ಮಾತುಗಳನ್ನೂ ಒಟ್ಟಿಗೆ ಹಿಡಿದು ಬಾಳುವುದು ಸುಲಭವಲ್ಲವೆಂಬುದನ್ನು ಕಾರ್ಖಾನೆಯ ಸಾಲುಮನೆಗಳಲ್ಲಿ ಬೆಳೆದ ನಾವು ಬಲ್ಲೆವು.

ದುಬ್ವಾ ಅವರು 1823ರ ಜನವರಿಯಲ್ಲಿ ಕಂಪನಿಯ ವಿಶ್ರಾಂತಿ ವೇತನದೊಡನೆ ಭಾರತವನ್ನು ಬಿಟ್ಟರು. ಮುಂದೆ ಪ್ಯಾರಿಸಿನಲ್ಲಿ ತಮ್ಮ ಸಭೆಯ ಗುರುಮಠಕ್ಕೆ 1836ರಿಂದ 1839ರವರೆಗೆ ಮುಖ್ಯಸ್ಥರಾಗಿದ್ದು, 1848ರ ಫೆಬ್ರವರಿ 17ರಂದು ಅಲ್ಲಿಯೇ ದೈವಾಧೀನರಾದರು. ಈ ನಾಡಿನ ಬಗ್ಗೆ ನಿರಾಶರಾಗಿ ಹೋದ ಆ ಹಿರಿಯರು ತಾಯ್ನಾಡಿಗೆ ಮರಳಿದ ಮೇಲೆ ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದ ಪುಸ್ತಕಗಳಲ್ಲಿ ಒಂದು, 1826ರಲ್ಲಿ ಹೊರಬಂದ ಪಂಚತಂತ್ರದ ಅನುವಾದ.