ಮನೆಯಿಲ್ಲದ ಕವಿಗೆ ಮಳಖೇಡದಲ್ಲಿ ಸಿಕ್ಕ ಮನೆ

ಮಕ್ಕಳೇ, ಕಲಬುರಗಿಯಿಂದ ಸೇಡಂ ಕಡೆ ಹೊರಟರೆ ದಾರಿಯಲ್ಲಿ ಮಳಖೇಡ ಸಿಗುತ್ತದೆ. ಎರಡೂ ಬದಿ ತೊಗರಿ ಹೊಲ, ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ, ಕಾಗಿಣಾ ಹೊಳೆ, ಹೊಳೆಯ ದಂಡೆಗೆ ಕೋಟೆ. ನಿಮ್ಮ ಅಜ್ಜಿಯ ಮನೆ ಚಿತ್ತಾಪುರದಲ್ಲೋ ವಾಡಿಯಲ್ಲೋ ಇದ್ದರೆ, ತಣ್ಣಗಿನ ಶಹಾಬಾದ್ ಕಲ್ಲು ಹಾಸಿದ ನೆಲದ ಮೇಲೆ ಮಲಗಿ ನೀವೂ ಒಂದು ಬೇಸಿಗೆ ಕಳೆದಿರಬಹುದು. ಆ ಸೀಮೆಯ ಊರು ಇದು. ಸಾವಿರ ವರ್ಷದ ಹಿಂದೆ ಇದರ ಹೆಸರು ಮಾನ್ಯಖೇಟ. ರಾಷ್ಟ್ರಕೂಟರ ರಾಜಧಾನಿ.

ಅಮೋಘವರ್ಷ ನೃಪತುಂಗನ ಹೆಸರನ್ನೂ ‘ಕವಿರಾಜಮಾರ್ಗ’ದ ಹೆಸರನ್ನೂ ನೀವು ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಕೇಳಿದ್ದೀರಿ. ತ.ರಾ.ಸು. ಅವರು ‘ನೃಪತುಂಗ’ ಎಂಬ ಐತಿಹಾಸಿಕ ಕಾದಂಬರಿಯನ್ನೂ ಬರೆದಿದ್ದಾರೆ. ನಾನು ಇವತ್ತು ಹೇಳಹೊರಟಿರುವುದು ನೃಪತುಂಗ ತೀರಿಕೊಂಡು ಎಂಬತ್ತು ವರ್ಷವಾದ ಮೇಲೆ ಅದೇ ಊರಲ್ಲಿ ಕೂತು ಹಳೆಯ ಕಾಲದ ರಾಜರ, ಮುನಿಗಳ ಕಥೆ ಬರೆದ ಒಬ್ಬನ ವಿಷಯ. ಅವನ ಹೆಸರು ಪುಷ್ಪದಂತ. ಅವನು ಬರೆದದ್ದು ಕನ್ನಡದಲ್ಲಲ್ಲ, ಅಪಭ್ರಂಶದಲ್ಲಿ. ಅಪಭ್ರಂಶವೆಂದರೆ ಪ್ರಾಕೃತ ಹಿಂದಾಗಿ, ಹಿಂದಿ, ಗುಜರಾತಿ, ಮರಾಠಿಗಳು ಇನ್ನೂ ಪೂರ್ತಿ ಮೈದಾಳದೆ ಇದ್ದ ನಡುಗಾಲದ ಭಾಷೆ. ಹಾಗಾಗಿ ನಮ್ಮ ಕನ್ನಡ ಪಾಠಗಳಲ್ಲಿ ಅವನ ಹೆಸರು ಬರುವುದೇ ಇಲ್ಲ. ನನಗಂತೂ ಅವನು ನಮ್ಮವನೇ.

ತನ್ನ ವಿಷಯವನ್ನು ಅವನೇ ತನ್ನ ಕಾವ್ಯಗಳಲ್ಲಿ ಅಲ್ಲಲ್ಲಿ ಹೇಳಿಕೊಂಡಿದ್ದಾನೆ. ಆ ಕಾಲದ ಕವಿಗಳು ಸಾಮಾನ್ಯವಾಗಿ ರಾಜನನ್ನು, ಗುರುವನ್ನು ಹೊಗಳಿ ಮುಂದೆ ಹೋಗುತ್ತಾರೆ. ಇವನು ತನ್ನ ಮೈಬಣ್ಣವನ್ನೂ ಬಿಡದೆ ಬರೆದ. ಕಪ್ಪು ಮೈ, ಸಣಕಲು ದೇಹ, ನೋಡಲು ಚೆಂದವಿಲ್ಲದ ಮುಖ, ಆದರೆ ಆ ಮುಖದಲ್ಲಿ ಸದಾ ನಗು, ನಕ್ಕರೆ ಬೆಳ್ಳಗೆ ಹೊಳೆಯುವ ಹಲ್ಲು. ಪುಷ್ಪದಂತ ಅಂದರೆ ಹೂವಿನಂಥ ಹಲ್ಲಿನವನು ಎಂದೇ ಅರ್ಥ. ಹೆಂಡತಿ ಮಕ್ಕಳಿಲ್ಲ. ಪಾಳು ಮನೆ, ಗುಡಿಗಳಲ್ಲಿ ವಾಸ. ಹೊಳೆ, ಬಾವಿ, ಕೆರೆ ಎಲ್ಲಿ ಸಿಕ್ಕಿತೋ ಅಲ್ಲಿ ಸ್ನಾನ. ಹರಕು ಬಟ್ಟೆ, ಮೈತುಂಬ ಧೂಳು, ನೆಲವೇ ಹಾಸಿಗೆ. ತಂದೆ ಕೇಶವಭಟ್ಟ, ತಾಯಿ ಮುಗ್ಧಾದೇವಿ. ಶಿವಭಕ್ತರಾಗಿದ್ದ ಅವರು ಆಮೇಲೆ ಜೈನರಾದರು. ಇಷ್ಟೆಲ್ಲ ಬಡತನದ ನಡುವೆ ಅವನು ತನಗೆ ಇಟ್ಟುಕೊಂಡ ಬಿರುದು ‘ಅಭಿಮಾನಮೇರು’, ಸ್ವಾಭಿಮಾನದ ಮೇರುಪರ್ವತ! ಇನ್ನೊಂದು ಬಿರುದು ‘ಕಾವ್ಯಪಿಶಾಚ’. ಕಾವ್ಯದ ದೆವ್ವ ಹೊಕ್ಕವನಂತೆ ಬರೆಯುತ್ತಿದ್ದ ಎಂದೇ ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ.

ಮೊದಲು ಅವನು ಬೇರೊಬ್ಬ ರಾಜನನ್ನು ಹೊಗಳಿ ಬರೆದಿದ್ದ. ಅಲ್ಲಿ ಮನಸ್ಸು ಮುರಿಯಿತು. ಎದ್ದು ನಡೆದುಬಿಟ್ಟ. ನಡೆದು ನಡೆದು ಸೋತು ಒಂದು ಊರ ಹೊರಗಿನ ತೋಪಿನಲ್ಲಿ ದಣಿವಾರಿಸಿಕೊಳ್ಳುತ್ತಿದ್ದಾಗ ಇಬ್ಬರು ಬಂದು, ಇಲ್ಲಿ ಯಾಕೆ ಒಬ್ಬನೇ ಇದ್ದೀಯಾ, ಊರೊಳಗೆ ಬಾ ಎಂದು ಕರೆದರು. ಬೆಟ್ಟದ ಗುಹೆಯಲ್ಲಿ ಹುಲ್ಲು ತಿಂದು ಬದುಕಿದರೂ ಸರಿ, ಕೆಟ್ಟ ದೊರೆಯ ಗಂಟಿಕ್ಕಿದ ಹುಬ್ಬು ನೋಡಲಾರೆ ಎಂಬ ಅರ್ಥದ ಉತ್ತರ ಕೊಟ್ಟನಂತೆ. ಅವರು ಬಿಡಲಿಲ್ಲ. ಭರತನೆಂಬ ಮಂತ್ರಿಯ ಹತ್ತಿರ ಕರೆದುಕೊಂಡು ಹೋದರು. ಭರತ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಹಾಮಾತ್ಯ. ಈ ಕೃಷ್ಣನ ಸೈನ್ಯವೇ 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿದ್ದು. ಅಂಥ ಸಾಮ್ರಾಟನನ್ನು ಪುಷ್ಪದಂತ ‘ತುಡಿಗ’ ಎಂಬ ಅಡ್ಡಹೆಸರಿನಿಂದ ಕರೆಯುತ್ತಾನೆ. ಅಪಭ್ರಂಶದ ಸಾಲುಗಳ ನಡುವೆ ಆ ಹೆಸರು ಓದುವಾಗ ನಮ್ಮ ಕಡೆಯವರು ಯಾರೋ ಪಕ್ಕದಲ್ಲಿ ಕೂತು ಮಾತಾಡಿದ ಹಾಗಾಗುತ್ತದೆ.

ಭರತ ಅವನನ್ನು ಮಳಖೇಡದ ತನ್ನ ಮನೆಯಲ್ಲಿ ಇಟ್ಟುಕೊಂಡ. ಎಂಥ ಮನೆ ಅದು! ಓದುವವರು ಓದುತ್ತಲೇ ಇರುತ್ತಿದ್ದರು, ಹಾಡುವವರು ಹಾಡುತ್ತಿದ್ದರು, ಲಿಪಿಕಾರರು ಕಾವ್ಯಗಳನ್ನು ಬರೆಯುತ್ತಿದ್ದರು. ಆಗ ಅಚ್ಚಿನ ಯಂತ್ರವಿಲ್ಲ. ಪ್ರತಿಯೊಂದು ಪುಸ್ತಕವೂ ಇನ್ನೊಂದಾಗಬೇಕಾದರೆ ಯಾರೋ ಕೂತು ಕೈಯಲ್ಲಿ ಬರೆಯಬೇಕು. ಆ ಮನೆಯಲ್ಲಿ 959ರಲ್ಲಿ ಪುಷ್ಪದಂತ ‘ಮಹಾಪುರಾಣ’ ಶುರುಮಾಡಿದ. ಜೈನರು ಹೇಳುವ 63 ಮಹಾಪುರುಷರ ಕಥೆ ಅದು. ಮೊದಲನೆಯ ಭಾಗ ‘ಆದಿಪುರಾಣ’ದಲ್ಲಿ ಆದಿನಾಥ, ಅವನ ಮಕ್ಕಳು ಭರತ, ಬಾಹುಬಲಿ. ಶ್ರವಣಬೆಳಗೊಳದ ಬೆಟ್ಟದ ಮೇಲೆ ನೀವು ಕತ್ತೆತ್ತಿ ನೋಡಿದ ಬಾಹುಬಲಿಯೇ. ಆದರೆ ಆ ಮೂರ್ತಿಯನ್ನು ಚಾವುಂಡರಾಯ ನಿಲ್ಲಿಸಿದ್ದು 981ರ ಸುಮಾರಿಗೆ. ಪುಷ್ಪದಂತ ಬರೆಯುವಾಗ ಆ ಬೆಟ್ಟದ ಬಂಡೆ ಇನ್ನೂ ಬಂಡೆಯಾಗಿಯೇ ಇತ್ತು.

ಹಳೆಯ ಕಥೆ ಬರೆಯುವವನಿಗೆ ಮೊದಲು ಬೇಕಾದದ್ದು ತನಗಿಂತ ಹಿಂದಿನವರು ಏನು ಬರೆದಿದ್ದಾರೆ ಎಂಬ ತಿಳಿವಳಿಕೆ. ಆದಿನಾಥನ ಇದೇ ಕಥೆಯನ್ನು ನೃಪತುಂಗನ ಗುರು ಜಿನಸೇನ ಸಂಸ್ಕೃತದಲ್ಲಿ ಬರೆದಿದ್ದ. ಪಂಪ 941ರಲ್ಲಿ ಕನ್ನಡದಲ್ಲಿ ಬರೆದಿದ್ದ. ಪುಷ್ಪದಂತ ಮೂರನೆಯ ಭಾಷೆಯಲ್ಲಿ ಬರೆದ. ಮಹಾಪುರಾಣದಲ್ಲಿ ರಾಮಾಯಣದ ಭಾಗಕ್ಕೆ ಬಂದಾಗ, ರಾವಣನಿಗೆ ನಿಜವಾಗಿ ಹತ್ತು ತಲೆ ಇದ್ದವೇ, ಕುಂಭಕರ್ಣ ಆರು ತಿಂಗಳು ನಿದ್ದೆ ಮಾಡುತ್ತಿದ್ದನೇ ಎಂದು ಕಥೆ ಕೇಳುವ ರಾಜ ಶ್ರೇಣಿಕನ ಬಾಯಲ್ಲಿ ಕೇಳಿಸುತ್ತಾನೆ. ಹಿಂದಿನ ಜೈನ ಕವಿಗಳೂ ಕೇಳಿದ ಪ್ರಶ್ನೆಗಳೇ ಅವು. ನೀವೂ ಅಜ್ಜಿಯನ್ನು ಇದನ್ನೇ ಕೇಳಿದ್ದೀರಲ್ಲ?

ಆದಿಪುರಾಣ ಮುಗಿದ ಮೇಲೆ ಒಂದು ವಿಚಿತ್ರವಾಯಿತು. ಬರೆಯಲು ಮನಸ್ಸೇ ಬರಲಿಲ್ಲ. ಸುಮ್ಮನೆ ಕೂತ. ಒಂದು ರಾತ್ರಿ ಕನಸಿನಲ್ಲಿ ಸರಸ್ವತಿ ಬಂದು ಮಾತಾಡಿಸಿದಳು. ಎಚ್ಚರವಾಗಿ ಸುತ್ತ ನೋಡಿದರೆ ಯಾರೂ ಇಲ್ಲ. ಆಗ ಭರತ ಬಂದ. ಅವನು ಸಾಮ್ರಾಜ್ಯದ ಮಂತ್ರಿ, ಬೈದು ಆಜ್ಞೆ ಮಾಡಬಹುದಿತ್ತು. ಬದಲಿಗೆ, ಯಾಕೆ ಬರೆಯುತ್ತಿಲ್ಲ, ನನ್ನಿಂದ ಏನಾದರೂ ತಪ್ಪಾಯಿತೇ ಎಂದು ಕೇಳಿದ. ಅದಕ್ಕೆ ಪುಷ್ಪದಂತ, ದುಡ್ಡು ನನಗೆ ಹುಲ್ಲಿಗೆ ಸಮ, ಕಪಟವಿಲ್ಲದ ಸ್ನೇಹಕ್ಕಾಗಿ ನಿನ್ನ ಮನೆಯಲ್ಲಿದ್ದೇನೆ ಎಂದು ಹೇಳಿ ಮತ್ತೆ ಬರೆಯಲು ಕೂತ. 965ರ ಜೂನ್‌ನಲ್ಲಿ ‘ಮಹಾಪುರಾಣ’ ಮುಗಿಯಿತು. ಆರು ವರ್ಷ, 102 ಸಂಧಿಗಳು, ಅಂದರೆ ಅಧ್ಯಾಯಗಳು. ಭರತನ ಆ ಪ್ರಶ್ನೆ ಇರದಿದ್ದರೆ ಆ ಗ್ರಂಥ ಅರ್ಧಕ್ಕೇ ನಿಲ್ಲುತ್ತಿತ್ತು ಎಂದೇ ನನಗೆ ಅನಿಸುತ್ತದೆ. ಹಾಗಾಗಿ ಕವಿಯಷ್ಟೇ ಈ ಮಂತ್ರಿಯೂ ನನಗೆ ಇಷ್ಟ.

ಭರತನ ನಂತರ ಅವನ ಮಗ ನನ್ನ ಕವಿಯನ್ನು ನೋಡಿಕೊಂಡ. (ನನ್ನ ಎಂಬುದು ಅವನ ಹೆಸರು ಮಕ್ಕಳೇ, ನನ್ನ ಪೆನ್ನು, ನನ್ನ ಪುಸ್ತಕದ ‘ನನ್ನ’ ಅಲ್ಲ.) ಆ ದಿನಗಳಲ್ಲಿ ‘ಣಾಯಕುಮಾರಚರಿಉ’, ‘ಜಸಹರಚರಿಉ’ ಎಂಬ ಎರಡು ಕಾವ್ಯಗಳು ಬಂದವು. ಜಸಹರ ಎಂದರೆ ಯಶೋಧರ. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟು ಜನ್ಮಜನ್ಮ ಅಲೆದ ಯಶೋಧರನ ಕಥೆಯನ್ನು 1209ರಲ್ಲಿ ಜನ್ನ ಕನ್ನಡಕ್ಕೆ ತಂದದ್ದನ್ನು ನಿಮ್ಮ ಅಪ್ಪ ಅಮ್ಮ ಕಾಲೇಜಿನಲ್ಲಿ ಓದಿರಬಹುದು, ಕೇಳಿ ನೋಡಿ.

972ರಲ್ಲಿ ಮಾಳವದ ಪರಮಾರ ರಾಜ ಸೀಯಕ ಮಳಖೇಡಕ್ಕೆ ನುಗ್ಗಿ ಊರನ್ನು ಸೂರೆ ಮಾಡಿದ. ಆಗ ಕೃಷ್ಣ ಇರಲಿಲ್ಲ, ಅವನ ತಮ್ಮ ಖೊಟ್ಟಿಗ ರಾಜ. ಮಹಾಪುರಾಣದ ಪ್ರತಿಗಳಲ್ಲಿ ಆಮೇಲೆ ಸೇರಿದ ಒಂದು ಪದ್ಯವಿದೆ. ದೀನರಿಗೆ ಆಸರೆಯಾಗಿದ್ದ, ಜನ ತುಂಬಿದ, ಹೂತೋಟಗಳ ಈ ಊರು ಧಾರಾನಗರದ ದೊರೆಯ ಕೋಪದ ಬೆಂಕಿಗೆ ಸುಟ್ಟುಹೋಯಿತು, ಪುಷ್ಪದಂತ ಇನ್ನು ಎಲ್ಲಿ ವಾಸ ಮಾಡಬೇಕು ಎಂಬುದು ಅದರ ಭಾವ. ಪಾಳು ಗುಡಿಯಲ್ಲಿ ಮಲಗಿ ನಗುತ್ತಿದ್ದ ಮನುಷ್ಯ ಹೀಗೆ ಕೇಳಿದ್ದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ‘ಜಸಹರಚರಿಉ’ ಕೊನೆಯಲ್ಲಿ ಬರಗಾಲ ಬರುತ್ತದೆ, ಬಿದ್ದ ತಲೆಬುರುಡೆಗಳು ಬರುತ್ತವೆ. ಅಂಥ ದಿನಗಳಲ್ಲೂ ನನ್ನ ತನಗೆ ಮನೆ, ಊಟ, ಬಟ್ಟೆ ಕೊಟ್ಟನೆಂದು ಕವಿ ನೆನೆಯುತ್ತಾನೆ.

ಅದೇ ವರ್ಷ ಅತ್ತ ಧಾರಾನಗರದಲ್ಲಿ ಧನಪಾಲನೆಂಬ ಕವಿ ತನ್ನ ತಂಗಿ ಸುಂದರಿಗಾಗಿ ಒಂದು ಪ್ರಾಕೃತ ನಿಘಂಟು ಬರೆದು ಮುಗಿಸಿದ. ಯಾವಾಗ ಬರೆದೆ ಎಂದು ಹೇಳಲು, ಮಾಳವರು ಮಾನ್ಯಖೇಟವನ್ನು ಸೂರೆ ಮಾಡಿದ ವರ್ಷ ಎಂದು ದಾಖಲಿಸಿದ. ಒಬ್ಬ ಕವಿಯ ಊರು ಸುಟ್ಟ ಸುದ್ದಿ ಇನ್ನೊಬ್ಬ ಕವಿ ತಂಗಿಗೆ ಕೊಟ್ಟ ಪುಸ್ತಕದಲ್ಲಿ ತಾರೀಖಾಗಿ ಉಳಿಯಿತು.

ಹಸ್ತಪ್ರತಿಗಳಲ್ಲಿ ಉಳಿದುಬಂದ ‘ಮಹಾಪುರಾಣ’ವನ್ನು ಪಿ. ಎಲ್. ವೈದ್ಯ ಅವರು 1937ರಿಂದ 1941ರ ನಡುವೆ ಮೂರು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು.

ಈಗ ನಿಮಗೊಂದು ಕೆಲಸ. ಪುಷ್ಪದಂತ ಬರೆಯುತ್ತಿದ್ದ ಕಾಲಕ್ಕೇ ಪೊನ್ನನೆಂಬ ಕನ್ನಡ ಕವಿಯೂ ಇದ್ದ. ಅವನಿಗೆ ‘ಉಭಯಕವಿಚಕ್ರವರ್ತಿ’ ಎಂಬ ಬಿರುದು ಕೊಟ್ಟವನೂ ಅದೇ ಮೂರನೆಯ ಕೃಷ್ಣ. ಬಿರುದು ಪಡೆದ ಪೊನ್ನ ಮತ್ತು ಧೂಳು ಮೈಯ ಪುಷ್ಪದಂತ ಒಂದು ಸಂಜೆ ಕಾಗಿಣಾ ದಂಡೆಯಲ್ಲಿ ಎದುರುಬದುರಾದರೆ? ಯಾರು ಮೊದಲು ಮಾತಾಡುತ್ತಾರೆ, ಯಾವ ಭಾಷೆಯಲ್ಲಿ? ಐತಿಹಾಸಿಕ ಕಾದಂಬರಿ ಬರೆಯುವವರು ಹೀಗೆಯೇ ಶುರುಮಾಡುತ್ತಾರೆ. ಒಂದು ಪುಟ ಬರೆಯಿರಿ, ಕನ್ನಡದಲ್ಲಿ, ಕೈಬರಹದಲ್ಲಿ. ಕಾಗುಣಿತ ತಪ್ಪಿದರೂ ಪರವಾಗಿಲ್ಲ. ಬಂದದ್ದನ್ನೆಲ್ಲ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.