ಗಾಯ ತೊಳೆದ ಫಾಬಿಯೋಲಾ



ಡಿಸೆಂಬರ್ 27ರಂದು ನಾವು ಪ್ರೇಷಿತ ಸಂತ ಯೊವಾನ್ನರನ್ನು ಕೊಂಡಾಡುತ್ತೇವೆ. ಅದೇ ದಿನ ಸ್ಮರಿಸಲಾಗುವ ರೋಮಿನ ಸಂತ ಫಾಬಿಯೋಲಾ ಹಿಂದೆ ಸರಿದುಬಿಡುತ್ತಾರೆ.

ನಾಲ್ಕನೆಯ ಶತಮಾನದಲ್ಲಿ ಫಾಬಿಯ ಎಂಬ ಸಿರಿವಂತ ಮನೆತನದಲ್ಲಿ ಹುಟ್ಟಿದವರು ಇವರು. ಗಂಡನ ದುರ್ನಡತೆಯನ್ನು ಕೊಂಡು ತಂದ ದಾಸಿಯೂ ತಾಳಲಾರಳು ಎಂಬುದು ಇವರ ಬದುಕನ್ನು ಬರೆದಿಟ್ಟ ಸಂತ ಜೆರೋಮರ ಅಭಿಪ್ರಾಯ. ವಿವರವನ್ನು ಅವರು ಬರೆಯಲಿಲ್ಲ. ಏಕೆಂದರೆ ಗಂಡನ ಮಾನ ಕಳೆಯುವ ಬದಲು, ಗಂಡನನ್ನು ಬಿಟ್ಟವಳೆಂಬ ಅಪವಾದವನ್ನೇ ಫಾಬಿಯೋಲಾ ಹೊತ್ತುಕೊಂಡಿದ್ದರು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಹೇಳಿಕೊಂಡು ಆಸ್ಪತ್ರೆಗೆ ಬರುವ ಹೆಣ್ಣುಮಗಳ ಮೌನವೂ ಇಂಥದ್ದೇ ಅಲ್ಲವೇ?

ಆಕೆ ಗಂಡನನ್ನು ಬಿಟ್ಟದ್ದನ್ನು ಜೆರೋಮರು ತಪ್ಪೆನ್ನಲಿಲ್ಲ. ಗಂಡಸಿಗೊಂದು ಹೆಂಗಸಿಗೊಂದು ನ್ಯಾಯ ಚಕ್ರವರ್ತಿಗಳದ್ದು, ಕ್ರಿಸ್ತರದ್ದಲ್ಲ ಎಂದು ವಾದಿಸಿದರು. ವಿವಾಹ ಸಂಸ್ಕಾರದ ಹೆಸರು ಹೇಳಿ ಮಗಳನ್ನು ಹೊಡೆಯುವವನ ಮನೆಗೇ ಮರಳಿ ಕಳಿಸುವ ತಂದೆತಾಯಿಗಳು ಇದನ್ನು ಗಮನಿಸಬೇಕು. ಸಂಗಾತಿಯಿಂದ ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯವಿದ್ದರೆ ಬೇರೆ ವಾಸಿಸಬಹುದೆಂದು ಧರ್ಮಸಭೆಯ 1983ರ ಕಾನೂನು ಸಂಹಿತೆಯ 1153ನೆಯ ವಿಧಿ ಹೇಳುತ್ತದೆ. ಧರ್ಮಾಧ್ಯಕ್ಷರ ಅಪ್ಪಣೆಗೆ ಕಾಯುವುದೇ ಅಪಾಯವಾದರೆ ಆಕೆ ತಾನಾಗಿಯೇ ಹೊರಟು ಬರಬಹುದು.

ಮೊದಲ ಗಂಡ ಬದುಕಿರುವಾಗಲೇ ಮಾಡಿಕೊಂಡ ಎರಡನೆಯ ಮದುವೆ ಮಾತ್ರ ಸಭೆಯ ನಿಯಮಕ್ಕೆ ವಿರುದ್ಧವಾಗಿತ್ತು. ಆ ಎರಡನೆಯ ಗಂಡ ತೀರಿಹೋದ ಮೇಲೆ ಫಾಬಿಯೋಲಾ ಪಾಸ್ಖ ಹಬ್ಬದ ಮುಂಚಿನ ದಿನಗಳಲ್ಲಿ ಗೋಣಿತಟ್ಟು ಉಟ್ಟು, ಕೂದಲು ಕೆದರಿ, ಲ್ಯಾಟರನ್ ಮಹಾದೇವಾಲಯದಲ್ಲಿ ಎಲ್ಲರೆದುರು ಪ್ರಾಯಶ್ಚಿತ್ತಕ್ಕೆ ನಿಂತರು. ಧರ್ಮಾಧ್ಯಕ್ಷರೂ ಜನರೂ ಕಣ್ಣೀರಿಟ್ಟರು.

ಅನಂತರ ಆಸ್ತಿಯನ್ನೆಲ್ಲ ಮಾರಿ ರೋಮಿನಲ್ಲಿ ಆಸ್ಪತ್ರೆ ತೆರೆದರು. ಪಶ್ಚಿಮದ ಕ್ರೈಸ್ತ ಜಗತ್ತಿನ ಮೊದಲ ಆಸ್ಪತ್ರೆ ಎಂದು ಹೆಸರಾದದ್ದು ಇದೇ. ಬೀದಿಯಲ್ಲಿ ಬಿದ್ದಿದ್ದ ರೋಗಿಗಳನ್ನು ತಮ್ಮ ಹೆಗಲ ಮೇಲೆ ಹೊತ್ತು ತಂದರು. ಇತರರು ನೋಡಲೂ ಹೇಸುತ್ತಿದ್ದ ಕೀವುಗಾಯಗಳನ್ನು ತಾವೇ ತೊಳೆದರು, ಕೈಯಾರೆ ಉಣಿಸಿದರು. ಸ್ವತಃ ಅಪವಾದ ಉಂಡವರ ಕೈ ಅದು.

ನಿಮ್ಮಲ್ಲಿ ಎಷ್ಟೋ ಮಂದಿ ದಾದಿಯರಿದ್ದೀರಿ. ಮೈಮೇಲೆ ಬಾಸುಂಡೆಯಿರುವ ಹೆಂಗಸು ಬಂದರೆ ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಒಬ್ಬಳೇ ಇದ್ದಾಗ ಮೆಲ್ಲಗೆ ವಿಚಾರಿಸಿ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆ ಹಾಗೂ ಅದರ ನಿಯಮಗಳಂತೆ, ದೂರು ಕೊಟ್ಟಿಲ್ಲವೆಂಬ ನೆಪದಿಂದ ಆಕೆಗೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ವೈದ್ಯಕೀಯ ವರದಿಯ ಪ್ರತಿಯನ್ನು ಉಚಿತವಾಗಿ ಕೊಡಬೇಕು. ನಡೆದದ್ದರ ವರದಿ ಸಂರಕ್ಷಣಾಧಿಕಾರಿಗೆ ಹೋಗಬೇಕು.

ಫಾಬಿಯೋಲಾ 395ರಲ್ಲಿ ಬೆತ್ಲೆಹೇಮಿಗೆ ಹೋಗಿ ಜೆರೋಮರ ಬಳಿ ಪವಿತ್ರ ಗ್ರಂಥವನ್ನು ಕಲಿತರು. ಹೂಣರ ದಾಳಿಯ ಭೀತಿಯಿಂದ ರೋಮಿಗೆ ಮರಳಿ, ಪಮ್ಮಾಕಿಯಸರ ಜೊತೆಗೂಡಿ ಪೋರ್ಟಸ್ ಬಂದರಿನಲ್ಲಿ ಪ್ರವಾಸಿಗಳಿಗಾಗಿ ಛತ್ರ ಕಟ್ಟಿಸಿದರು. 399ರಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದಾಗ, ಶವಯಾತ್ರೆ ನೋಡಲು ಸೇರಿದ ಜನಕ್ಕೆ ರೋಮಿನ ಬೀದಿ, ಜಗಲಿ, ಮಾಳಿಗೆಗಳು ಸಾಲಲಿಲ್ಲ.